ಕಂಬಳಿಯೊಳಗಿನ ಸವಾಲು

ಅವರು ತೀರಿಕೊಂಡ ಸುದ್ದಿ ನನಗೆ ಬಾದಾಮಿ ಸ್ಟೇಶನ್ನಿನಲ್ಲಿ ಸಿಕ್ಕಿತು. ಹೇಳಿದವನು ಅಮೀನಗಡದ ಕರದಂಟಿನ ಅಂಗಡಿಯವನು. ಡಬ್ಬಿಗಳ ಗಂಟು ಹೊತ್ತು ಗಾಡಿ ಹತ್ತುವ ಅವಸರದಲ್ಲಿದ್ದ. "ಮಾಸ್ತರ, ಕಾಕಾ ಹೋದ್ರು. ಹದಿನೈದು ದಿನಾ ಆತು," ಎಂದ. ಗಾಡಿ ಹೊರಟಿತು. ನಾನು ಎದುರು ದಿಕ್ಕಿನ ಗಾಡಿಗೆ ಕಾಯುತ್ತಿದ್ದೆ. ಅದು ಬಂದಾಗ ಹತ್ತಲಿಲ್ಲ. ಬೆಂಚಿನ ಮೇಲೆ ಎಷ್ಟು ಹೊತ್ತು ಕುಳಿತಿದ್ದೆನೆಂದು ಸರಿಯಾಗಿ ಹೇಳಲಾರೆ. ಮುಂದಿನ ಗಾಡಿಗೆ ಬೇರೆ ಟಿಕೆಟ್ ತೆಗೆಯಬೇಕಾಯಿತು ಎಂಬುದು ಮಾತ್ರ ನಿಜ.

ಅವರ ಹೆಸರು ಬರೆಯುವುದಿಲ್ಲ. "ದಲಾಲಿಗೆ ಹೆಸರ ಇರಬಾರದ್ರಿ. ಇದ್ದರ ಕೊಂಡಾಂವನೂ ಹೆಸರ ಹಿಡದು ಬೈತಾನ, ಮಾರಿದಾಂವನೂ ಬೈತಾನ," ಎಂದು ಅವರೇ ಹೇಳುತ್ತಿದ್ದರು. ಊರಿಗೆಲ್ಲ ಅವರು ಕಾಕಾ. ಅವರಿಗಿಂತ ಹತ್ತು ವರ್ಷ ದೊಡ್ಡವರಾಗಿದ್ದ ಪೋಸ್ಟಮನ್ನರೂ ಕಾಕಾ ಎಂದೇ ಕರೆಯುತ್ತಿದ್ದರು. ಅಮೀನಗಡದ ಕುರಿಸಂತೆಯಲ್ಲಿ ಅವರದು ದಲಾಲಿ ಕೆಲಸ. ಕುಳ್ಳ ದೇಹ, ಕಿವಿಯಲ್ಲಿ ಮುರುವು, ಎಡ ಹೆಗಲ ಮೇಲೆ ಕರಿಯ ಕಂಬಳಿ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿಯೂ ಆ ಕಂಬಳಿ ಇಳಿಯುತ್ತಿರಲಿಲ್ಲ.

"ಇಂಥಾ ಬ್ಯಾಸಿಗ್ಯಾಗ ಕಂಬಳಿ ಯಾಕ ಕಾಕಾ?" ಎಂದು ಒಮ್ಮೆ ಕೇಳಿದೆ.

"ಪೋಲೀಸಪ್ಪ ಬ್ಯಾಸಿಗ್ಯಾಗ ಟೊಪ್ಪಿಗಿ ತಗದ ಇಡ್ತಾನೇನ್ರಿ?" ಎಂದರು.

ಆ ಕಂಬಳಿಯ ಉಪಯೋಗವನ್ನು ಮೊದಲೇ ಹೇಳಿಬಿಡಬೇಕು. ಆ ಸಂತೆಯಲ್ಲಿ ಕುರಿಯ ಬೆಲೆಯನ್ನು ಬಾಯಿಂದ ಹೇಳುತ್ತಿರಲಿಲ್ಲ. ಕೊಳ್ಳುವವನು ದಲಾಲಿಯ ಕಂಬಳಿಯೊಳಗೆ ಕೈ ಹಾಕಿ ದಲಾಲಿಯ ಬೆರಳು ಹಿಡಿಯುತ್ತಿದ್ದ. ಒಂದು ಬೆರಳು ಹಿಡಿದರೆ ಒಂದು ನೂರು. ಐದೂ ಬೆರಳು ಹಿಡಿದರೆ ಐದು ನೂರು. ಅದಕ್ಕಿಂತ ಹೆಚ್ಚು ಕೊಡುವವನು ಐದನ್ನೂ ಹಿಡಿದು, ಬಿಟ್ಟು, ಮೇಲಿನ ಪ್ರತಿ ನೂರಕ್ಕೆ ಒಂದರಂತೆ ಬೆರಳನ್ನು ಮತ್ತೆ ಹಿಡಿಯಬೇಕು. ಈ ವ್ಯವಹಾರ ನಡೆಯುವಾಗ ಇಬ್ಬರ ಮುಖವೂ ಬೇರೆ ಕಡೆ ಇರುತ್ತಿತ್ತು. ಬಾಯಲ್ಲಿ ಮಳೆಯ ಮಾತು, ಮಗಳ ಬಾಣಂತನದ ಮಾತು. ಸುತ್ತ ನೂರು ಮಂದಿ ನಿಂತಿದ್ದರೂ ಯಾರು ಎಷ್ಟು ಹಿಡಿದರೆಂಬುದು ಎರಡು ಕೈಗಳಿಗೆ ಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಒಮ್ಮೆ ಹಿಡಿದ ಮೇಲೆ ತಪ್ಪಿತು, ಮರೆತೆ ಎನ್ನುವಂತಿಲ್ಲ. ಹಿಡಿದದ್ದು ಹಿಡಿದದ್ದೇ.

ಎಪ್ಪತ್ತರ ದಶಕ ಮುಗಿಯುತ್ತಿದ್ದಾಗ ನಾನು ಆ ಊರಿನ ಶಾಲೆಗೆ ಮಾಸ್ತರನಾಗಿ ಹೋದೆ. ಸಂಜೆ ಪಂಚಾಯತಿಯ ವಾಚನಾಲಯದ ಬಾಗಿಲು ತೆಗೆಯುವುದು, ಪತ್ರಿಕೆ ಜೋಡಿಸುವುದು, ಬಾಗಿಲು ಹಾಕುವುದು, ಇಷ್ಟು ಕೆಲಸ ಪಗಾರವಿಲ್ಲದೆ ನನಗೆ ಬಂತು. ನನಗೆ ಇನ್ನೂ ಮದುವೆಯಾಗಿರಲಿಲ್ಲ ಎಂಬುದೊಂದೇ ಅದಕ್ಕೆ ಕಾರಣ.

ಒಂದು ಸಂತೆಯ ಸಂಜೆ ಕಾಕಾ ಒಳಗೆ ಬಂದರು. ಅವರಿಗಿಂತ ಮೊದಲು ಕುರಿಯ ವಾಸನೆ ಬಂತು.

"ಮಾಸ್ತರ, ಚಿತ್ರ ಇರೂದು ಏನರ ಕೊಡ್ರಿ. ಅಕ್ಷರ ನೀವ ಇಟ್ಕೋರಿ."

ಅವರಿಗೆ ಓದು ಬರುತ್ತಿರಲಿಲ್ಲ. ಅದನ್ನು ಅವರು ಯಾರಿಂದಲೂ ಮುಚ್ಚಿಟ್ಟವರಲ್ಲ. "ನಾನೂ ಸಾಲಿಗೆ ಹೋಗೇನ್ರಿ. ಮೂರನೇ ದಿನಾ ನಮ್ಮ ಕುರಿ ಮಾಸ್ತರನ ಹೊಲಾ ಮೇದುವು. ನನ್ನೂ ಕುರಿನೂ ಕೂಡೇ ಹೊರಗ ಹಾಕಿದ್ರು," ಎನ್ನುತ್ತಿದ್ದರು.

ಮುಂಬಯಿಯಲ್ಲಿ ಅಚ್ಚಾಗುತ್ತಿದ್ದ ಕನ್ನಡ ಚಿತ್ರಕಥೆಯ ಒಂದು ಮಾಸಿಕ ಆಗ ವಾಚನಾಲಯಕ್ಕೆ ಬರುತ್ತಿತ್ತು. ಅಲ್ಲಿ ನೆಲೆಸಿದ್ದ ನಮ್ಮ ಊರಿನ ಸೀರೆ ವ್ಯಾಪಾರಿಯೊಬ್ಬರು ಚಂದಾ ಕಟ್ಟಿದ್ದರು. ಅದರಲ್ಲಿ ಮೊದಲ ಸಂಚಿಕೆಯಿಂದಲೂ ಒಂದೇ ಕತೆ. ಒಬ್ಬ ಮುಳುಗುಗಾರ, ತಲೆಗೆ ಹಿತ್ತಾಳೆಯ ದುಂಡು ಟೊಪ್ಪಿಗೆ, ಅದಕ್ಕೊಂದು ಗಾಜಿನ ಕಿಟಕಿ. ಸಮುದ್ರದ ತಳದಲ್ಲಿ ಮುಳುಗಿದ ಹಡಗುಗಳನ್ನು ಹುಡುಕುವುದು ಅವನ ಕೆಲಸ. ಚಿತ್ರಗಳು ಚೆನ್ನಾಗಿದ್ದವು, ಬಣ್ಣ ಒಂದಿಷ್ಟು ಹೆಚ್ಚೇ ಇತ್ತು.

ಸಮುದ್ರವನ್ನು ಕಾಕಾ ಕಂಡವರಲ್ಲ. ಪುಸ್ತಕ ತೆರೆದು ಆ ಚಿತ್ರವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಬೆಂಚಿನ ಮೇಲಿದ್ದ ನಾಲ್ಕು ಮಂದಿಗೆ ಹೇಳತೊಡಗಿದರು:

"ಇಂವಾ ಮಂದಿ ಮನ್ಯಾಗ ಕದ್ದು ನೀರ ಕುಡ್ಯಾಕ ಹೋದ. ತೆಲಿಗೆ ಕೊಡಾ ಸಿಕ್ಕೊಂತು. ಎಳದ್ರ ಬರವಲ್ದು, ಬಡದ್ರ ಒಡೀವಲ್ದು. ಈಗ ತಗಸಾವ್ರನ್ನ ಹುಡುಕ್ಕೋತ ದೇಶ ದೇಶ ಅಡ್ಡಾಡಾಕತ್ತಾನ."

"ಮತ್ತ ಸುತ್ತಲೂ ಮೀನು ಯಾಕ ಅದಾವ ಕಾಕಾ?" ಎಂದ ಒಬ್ಬ.

"ನಿನ್ನ ತೆಲಿಗೂ ಒಂದು ತಿಂಗಳ ಕೊಡಾ ಹಾಕಿ ಕೂಡಿಸ್ತೇನಿ. ನಿನಗೂ ಕಾಣ್ತಾವ ಲೇ."

ನಾನು ಎದ್ದು ಹೋಗಿ, ಅದು ಕೊಡವಲ್ಲ, ನೀರಿನಲ್ಲಿ ಉಸಿರಾಡಲು ಹಾಕುವ ಟೊಪ್ಪಿಗೆ ಎಂದು ಹೇಳಿ, ಅಚ್ಚಾದ ಮಾತನ್ನು ಓದಿ ತೋರಿಸಿದೆ. ಕಾಕಾ ತಾಳ್ಮೆಯಿಂದ ಕೇಳಿದರು.

"ಖರೆ ಇರಬಹುದ್ರಿ. ಆದರ ಭಾಳ ಬ್ಯಾಸರ ಆತು. ಒಂದ ಕೆಲಸಾ ಮಾಡೂಣು. ಆ ಮೂಲ್ಯಾಗ ನೀವು ಓದ್ರಿ, ಈ ಮೂಲ್ಯಾಗ ನಾ ಹೇಳ್ತೇನಿ. ಮಂದಿ ಎಲ್ಲಿ ಕೂಡ್ತಾರ ನೋಡೂಣು."

ಮುಂದಿನ ಸಂತೆಯ ದಿನ ಹಾಗೆಯೇ ಮಾಡಿದೆವು. ನನ್ನ ಮೂಲೆಯಲ್ಲಿ ಏಳು ಮಂದಿ ಕುಳಿತರು. ಅವರಲ್ಲಿ ಮೂವರು ನಿದ್ದೆ ಮಾಡುತ್ತಿದ್ದರು. ಅವರ ಮೂಲೆಯಲ್ಲಿ ಎಷ್ಟು ಮಂದಿಯಿದ್ದರೆಂದು ಎಣಿಸಲಾಗಲಿಲ್ಲ, ಏಕೆಂದರೆ ಬಾಗಿಲ ಹೊರಗೂ ನಿಂತಿದ್ದರು.

ಅಲ್ಲಿಂದ ಮುಂದೆ ಪ್ರತಿ ಸಂತೆಗೂ ಅವರು ಒಂದು ಸಂಚಿಕೆಯನ್ನು ಕಂಬಳಿಯೊಳಗೆ ಇಟ್ಟುಕೊಂಡು ಹೋಗಿ, ವ್ಯಾಪಾರ ಮುಗಿದ ಮೇಲೆ ಬೇವಿನ ಗಿಡದ ಕೆಳಗೆ ಕುಳಿತು ಚಿತ್ರ ತೋರಿಸುತ್ತ ಕತೆ ಹೇಳುತ್ತಿದ್ದರು. ಹುನಗುಂದ, ಕೆರೂರು ಕಡೆಯ ಕುರಿಗಾರರು ಕುರಿ ಮಾರಿದ ಮೇಲೂ ಊರಿಗೆ ಹೋಗದೆ ಕೊಡದವನ ಕತೆಗಾಗಿ ಕಾಯುತ್ತಿದ್ದರು. ಕತೆಯಲ್ಲಿ ಎಂಟು ಕೈಯಿನ ಸಮುದ್ರದ ಪ್ರಾಣಿ ಬಂದಾಗ ಕಾಕಾ ಬಹಳ ಗೌರವದಿಂದ ಅದನ್ನು ಪರಿಚಯಿಸಿದರು. "ಇಂವಾ ಎಂಟ ಕೈಯಿನ ದಲಾಲಿ. ಒಂದ ಹೊತ್ತಿಗೆ ಎಂಟ ಗಿರಾಕಿ ಕುದುರಸ್ತಾನ. ಇವನ ಮುಂದ ನಾವೆಲ್ಲಾ ಯಾವ ಗಿಡದ ತಪ್ಪಲ?" ಕಡಲುಗಳ್ಳರ ನಾಯಕ ಬಂದಾಗ ಅವನ ಹೊಟ್ಟೆಯನ್ನು ನೋಡಿ, ಇವನು ಪಂಚಾಯತಿಯ ಚೇರಮನ್ ಎಂದರು. ಚೇರಮನ್ನರು ಅಲ್ಲೇ ನಿಂತಿದ್ದರು. ಅವರೂ ನಕ್ಕರು, ಸ್ವಲ್ಪ ತಡವಾಗಿ.

ಮೂವತ್ತೊಂದು ಸಂಚಿಕೆ ಬಂದವು. ಮೂವತ್ತೊಂದನೆಯದರ ಕೊನೆಯ ಹಾಳೆಯಲ್ಲಿ ಎಂಟು ಕೈಯಿನ ಪ್ರಾಣಿ ಮುಳುಗುಗಾರನನ್ನು ಹಿಡಿದಿತ್ತು, ಟೊಪ್ಪಿಗೆಯ ಗಾಜು ಬಿರುಕು ಬಿಟ್ಟಿತ್ತು. ಮುಂದಿನ ಸಂಚಿಕೆ ಬರಲಿಲ್ಲ. ಮಾಸಿಕವೇ ನಿಂತಿತು ಎಂದು ಆಮೇಲೆ ತಿಳಿಯಿತು. ಕಾಕಾ ಮತ್ತೆ ಮೊದಲನೆಯದರಿಂದ ಸುರು ಮಾಡಿದರು. ಎರಡನೆಯ ಸುತ್ತಿನಲ್ಲಿ ಅದೇ ಚಿತ್ರಗಳಿಗೆ ಬೇರೆಯದೇ ಕತೆ ಹೇಳಿದರು. ಕೊಡದವನಿಗೆ ಕೆರೂರಿನಲ್ಲಿ ಒಬ್ಬ ಹೆಂಡತಿಯಿದ್ದಳು ಎಂಬುದು ಆಗ ಹೊರಬಿತ್ತು. ನಾಲ್ಕು ಸುತ್ತಂತೂ ನಾನೇ ಕೇಳಿದ್ದೇನೆ.

ಪುಸ್ತಕಗಳನ್ನು ಅವರು ನೋಡಿಕೊಳ್ಳುತ್ತಿದ್ದ ರೀತಿ ಬೇರೆ. ಪ್ರತಿ ಸಲ ಹಿಂತಿರುಗಿಸುವಾಗ ಕುರಿಯ ಹಲ್ಲು ನೋಡುವಂತೆ ಮೂಲೆ ಎತ್ತಿ ಹಾಳೆ ಎಣಿಸಿ ಕೊಡುತ್ತಿದ್ದರು. ಸಂಚಿಕೆಗಳನ್ನು ಇಡುತ್ತಿದ್ದ ಟ್ರಂಕಿನ ತಳಕ್ಕೆ ಹುಳ ಬೀಳದಂತೆ ಬೇವಿನ ಸೊಪ್ಪು ಹಾಕಿದವರೂ ಅವರೇ. ಉಗುಳು ಹಚ್ಚಿ ಹಾಳೆ ತಿರುವಿದವರ ಬೆರಳಿಗೆ ಅವರ ಕೋಲಿನ ಏಟು ಬೀಳುತ್ತಿತ್ತು. ಆ ಏಟು ಒಮ್ಮೆ ಸರ್ಕಲ್ ಇನ್ಸ್‌ಪೆಕ್ಟರರಿಗೂ ಬಿತ್ತು ಎಂದು ಊರಿನವರು ಹೇಳುತ್ತಾರೆ. ಅದನ್ನು ನಾನು ನೋಡಿಲ್ಲ.

ಜಗತ್ತಿನಲ್ಲಿ ಅವರು ತೂಗದ ವಸ್ತುವಿರಲಿಲ್ಲ. ನನಗೆ ಹೆಣ್ಣು ಕೊಡಲು ಬಂದ ಕೆರೂರಿನವರು ನನ್ನ ಗುಣ ವಿಚಾರಿಸಲು ಇವರನ್ನೇ ಹುಡುಕಿಕೊಂಡು ಹೋದರು. "ಮಾಸ್ತರ ಮೆತ್ತಗ ಅದಾರ. ಹಾಯೂದಿಲ್ಲ, ಓಡೂದಿಲ್ಲ. ಕಟ್ಟಿದಲ್ಲೇ ಮೇಯ್ತಾರ," ಎಂದು ಕಾಕಾ ಹೇಳಿದರಂತೆ. ಮದುವೆ ಆಯಿತು. ಈ ಮಾತನ್ನು ನನ್ನ ಹೆಂಡತಿ ಇಂದಿಗೂ ಬಂಧುಗಳ ಎದುರಿಗೆ ಹೇಳುತ್ತಾಳೆ.

ಬೀರಪ್ಪ ಅವರ ಮನೆದೇವರು. ಗುಡಿಯ ಮುಂದೆ ನಿಂತು ಅವರು ಕೈ ಮುಗಿದು ಬೇಡಿಕೊಂಡದ್ದನ್ನು ನಾನು ಕಂಡಿಲ್ಲ. ತಕರಾರು ಮಾಡಿದ್ದನ್ನು ಕಂಡಿದ್ದೇನೆ. "ಏ ಬೀರಪ್ಪ, ಮಳಿ ಕೇಳಿದ್ದು ಹೊಲಕ್ಕ. ನೀ ಸಂತಿ ದಿನಾ ನೋಡಿ ಸುರವಿದಿ. ಅರ್ಧಾ ಮಾತು ಕೇಳಿ ಎದ್ದು ಹೋಗಿದ್ದೇನು?"

ಹೀಗೆ ಕೆಲವು ವರ್ಷ ಕಳೆದವು. ಆಮೇಲೆ ಪಂಚಾಯತಿಗೆ ಟಿ.ವಿ. ಬಂತು.

ಅದನ್ನು ಇಡಲು ವಾಚನಾಲಯದ ಕೋಣೆಯೇ ಸರಿ ಎಂದು ತೀರ್ಮಾನವಾಯಿತು. ಒಳಗಿನ ಹಳೆಯ ಸಾಮಾನನ್ನೆಲ್ಲ ಲಿಲಾವು, ಅಂದರೆ ಹರಾಜು, ಮಾಡುವುದೆಂದು ಡಂಗುರ ಹೊಡೆಸಿದರು. ಮುರಿದ ಕುರ್ಚಿ, ಎರಡು ಗ್ಯಾಸಬತ್ತಿ, ರದ್ದಿ ಪತ್ರಿಕೆ, ಜೊತೆಗೆ ಚಿತ್ರಕಥೆಯ ಟ್ರಂಕು. ಕಾಕಾ ಟಿ.ವಿ.ಯನ್ನು ಒಂದು ಸಂಜೆ ಕುಳಿತು ನೋಡಿದರು. "ಇದು ತಾನ ಹೇಳ್ತೈತಿ, ತಾನ ನಗತೈತಿ. ನಮ್ಮನ್ನ ಕೇಳೂದ ಇಲ್ಲ," ಎಂದು ಎದ್ದು ಬಂದರು. ಆ ಹೊತ್ತಿಗೆ ಅವರ ಮೊಣಕಾಲು ಕೆಟ್ಟಿದ್ದವು. ಸಂತೆಯಲ್ಲಿ ಅರ್ಧ ದಿನ ನಿಂತರೆ ಮರುದಿನ ಏಳಲಾಗುತ್ತಿರಲಿಲ್ಲ. ಅವರ ಪಾಲಿಗೆ ಉಳಿದದ್ದು ಬೇವಿನ ಗಿಡದ ಕೆಳಗಿನ ಕತೆ ಮಾತ್ರ.

"ಮಾಸ್ತರ, ಆ ಟ್ರಂಕು ನನಗ ಬೇಕು," ಎಂದರು. ಅವರು ತಮಗಾಗಿ ಏನನ್ನಾದರೂ ಬೇಕು ಎಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ರದ್ದಿ ಬೆಲೆಗೆ ಸಿಕ್ಕೀತು ಬಿಡ್ರಿ," ಎಂದೆ.

ಆದರೆ ಲಿಲಾವಿಗೆ ನಾಲ್ಕು ದಿನ ಮುಂಚೆ ಮುಂಬಯಿಯಿಂದ ಒಬ್ಬರು ಬಂದರು. ಮೂಲ ಇಳಕಲ್ಲಿನವರು, ಮುಂಬಯಿಗೆ ಹೋಗಿ ಮೂವತ್ತು ವರ್ಷವಾಗಿತ್ತು. ಹಳೆಯ ಸಿನಿಮಾ ಪೋಸ್ಟರ್, ಸಿನಿಮಾ ಹಾಡಿನ ಪುಸ್ತಕ, ಬೆಂಕಿಪೆಟ್ಟಿಗೆಯ ಚಿತ್ರ, ಚಿತ್ರಕಥೆ, ಇವುಗಳ ವ್ಯಾಪಾರ ಅವರದು. ಚಂದಾ ಕಟ್ಟುತ್ತಿದ್ದ ಸೀರೆ ವ್ಯಾಪಾರಿಯಿಂದ ಟ್ರಂಕಿನ ಸಂಗತಿ ತಿಳಿದಿತ್ತಂತೆ. ಕರವಸ್ತ್ರದಿಂದ ಕೈ ಒರೆಸಿಕೊಂಡು ಸಂಚಿಕೆಗಳನ್ನು ಮೂವತ್ತೊಂದರವರೆಗೆ ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಆಮೇಲೆ ಬೆಂಚಿನ ಮೇಲೆ ಕುಳಿತು ನೀರು ಕೇಳಿದರು.

ಅಲ್ಲೇ ಇದ್ದ ಕಾಕಾ ನನ್ನ ಕಡೆ ನೋಡಿದರು. ಗಿರಾಕಿ ನೀರು ಕೇಳಿದನೆಂದರೆ ಮಾಲಿಗೆ ಬೆಲೆಯಿದೆ ಎಂಬುದು ಅವರ ಸಿದ್ಧಾಂತ.

"ಸಾಹೇಬರ, ಇದನ್ನ ಒಯ್ದು ಏನ್ ಮಾಡ್ತೀರಿ?"

"ಇದರ ಪ್ರತಿ ಎಲ್ಲೂ ಉಳದಿಲ್ರಿ. ಅಚ್ಚು ಮಾಡಿದವ್ರ ಗೋದಾಮಿಗೆ ನೀರ ಹೊಕ್ಕು ಎಲ್ಲಾ ಹಾಳಾತು."

"ನೀರಾಗ ಇರಾಂವನ ಪುಸ್ತಕ. ಅಂವ ಮನೀಗೆ ಹೋಗಿರಬೇಕು ಬಿಡ್ರಿ. ಮತ್ತ ಒಯ್ದು?"

"ದೊಡ್ಡ ಹೋಟೆಲ್‌ನ್ಯಾಗ ಇಂಥಾವನ್ನ ಲಿಲಾವ ಮಾಡ್ತಾರ. ಶೋಕಿ ಇರೋ ಮಂದಿ ಕುರ್ಚಿ ಮ್ಯಾಲ ಕುಂತು ಕೈ ಎತ್ತತಾರ. ಬೆಲಿ ನಿಂತ ಮ್ಯಾಲ ಕಟಿಗಿ ಸುತ್ತಿಗಿ ಬಡೀತಾರ."

"ಸುತ್ತಿಗಿ ಯಾಕ್ರಿ? ಗಿರಾಕಿ ಎದ್ದು ಓಡ್ತಾವೇನು?"

ಸಾಹೇಬರು ನಕ್ಕರು. ಒಳ್ಳೆಯ ಮನುಷ್ಯ. ಅವರ ಮೇಲೆ ನನಗೆ ಸಿಟ್ಟು ಆಗಲೂ ಬರಲಿಲ್ಲ, ಈಗಲೂ ಇಲ್ಲ.

ತೊಡಕು ಇದ್ದದ್ದು ಬೇರೆ ಕಡೆ. ಪಂಚಾಯತಿಯ ಲಿಲಾವನ್ನು ಯಾವಾಗಲೂ ಕಾಕಾ ಅವರೇ ಕೂಗುತ್ತಿದ್ದರು. ರಸ್ತೆಯ ಬದಿಯ ಹುಣಸೆಮರದ ಫಲ, ಒಣಗಿದ ಮರ, ಊರ ತಿಪ್ಪೆ, ಎಲ್ಲವೂ ಅವರ ಕಂಠದಿಂದಲೇ ಹೋಗಬೇಕು. ಸವಾಲು ಕೂಗುವವನು ಸವಾಲು ಹಿಡಿಯಬಾರದು, ಅಂದರೆ ತಾನೇ ಬೆಲೆ ಕಟ್ಟಿ ಕೊಳ್ಳಬಾರದು, ಎಂದು ಪಂಚಾಯತಿಯ ನಿಯಮ. ಕಾಕಾ ಮರುದಿನ ಮುಂಜಾನೆ ಶಾಲೆಯ ಕಟ್ಟೆಗೆ ಬಂದು ಆರು ನೂರು ರೂಪಾಯಿ ನನ್ನ ಕೈಗೆ ಕೊಟ್ಟರು. ಅವರ ಬಳಿ ಒಂದು ಕಾಳಗದ ಟಗರು ಇತ್ತು. ಮೂರು ಸಲ ಗೆದ್ದದ್ದು. ಅದನ್ನು ಹಿಂದಿನ ದಿನ ಹುನಗುಂದದವರಿಗೆ ಮಾರಿ ಬಂದಿದ್ದರು.

"ನೀವು ಹಿಡೀರಿ. ನಾ ಕೂಗತೇನಿ."

"ಅದು ನಿಯಮ ಮುರದಂಗಲ್ಲೇನು ಕಾಕಾ?"

"ನಾ ಎಲ್ಲಿ ಹಿಡೀತೇನಿ? ನೀವು ಹಿಡೀತೀರಿ. ಮುರದ್ರ ನೀವ ಮುರದಂಗ."

ಸಾಹೇಬರು ಐದು ನೂರಿನ ಮೇಲೆ ಹೋಗುವುದಿಲ್ಲ ಎಂದು ಅವರು ಲೆಕ್ಕ ಹಾಕಿದ್ದರು. ಹೇಗೆ ಎಂದು ಕೇಳಿದೆ. "ಪಾಕೀಟು ನೋಡೇನ್ರಿ. ತಿರುಗಿ ಹೋಗೂ ಖರ್ಚು ಬ್ಯಾರೆ ಕಡೆ ಇಟ್ಟಾನ. ಆದರ ಬಾಯಿಲೆ ಸವಾಲ್ ಆದ್ರ, ಹತ್ತ ಹತ್ತ ಏರಿಸಿ ಗಡಿಯಾರನೂ ಮಾರಿ ಹಿಡೀತಾನ. ಕಂಬಳ್ಯಾಗ ಆದ್ರ ಒಂದ ಸಲ. ಹಿಡದದ್ದು ಹಿಡದದ್ದು."

ಆ ಕಟ್ಟೆಯ ಮೇಲೆ ಅವರು ನನಗೆ ಪಾಠ ಹೇಳಿದರು. ಐದೂ ಬೆರಳು ಹಿಡಿ, ಬಿಡು, ಆಮೇಲೆ ತೋರುಬೆರಳು ಒಂದನ್ನೇ ಹಿಡಿ. ಇಷ್ಟೇ. ಹತ್ತು ಸಲ ಮಾಡಿಸಿದರು. ಹತ್ತೂ ಸಲ ನಾನು ಸರಿಯಾಗಿ ಮಾಡಿದೆ. ಇದನ್ನು ಬರೆದಿಡುವುದು ಅವಶ್ಯವೆನಿಸುತ್ತದೆ.

ಲಿಲಾವು ಹನ್ನೊಂದು ಗಂಟೆಗೆ ವಾಚನಾಲಯದ ಮುಂದೆ ಸುರುವಾಯಿತು. ಕುರ್ಚಿಗಳು ಹೋದವು, ಗ್ಯಾಸಬತ್ತಿಗಳು ಹೋದವು. ಟ್ರಂಕು ಹೊರಗೆ ಬಂದಾಗ ಕಾಕಾ ಕೂಗುವುದನ್ನು ನಿಲ್ಲಿಸಿ ಕಂಬಳಿಯನ್ನು ಹೆಗಲಿಂದ ಮುಂದಕ್ಕೆ ಎಳೆದುಕೊಂಡರು.

"ಇದು ಬಾಯಿಲೆ ಇಲ್ಲ. ಕಂಬಳ್ಯಾಗ."

ಚೇರಮನ್ನರು ಕುರ್ಚಿಯಿಂದ ಅರ್ಧ ಎದ್ದರು. "ಏ ಕಾಕಾ, ಇದೇನು ಕುರಿ ಏನು?"

"ಒಳಗ ಒಬ್ಬ ಮನಶ್ಯಾ ಅದಾನ್ರಿ ಚೇರಮನ್ನರ. ಇಷ್ಟ ವರ್ಷದಿಂದ ತೆಲಿ ಸಿಕ್ಕೊಂಡು ಕುಂತಾನ. ಜೀವ ಇದ್ದದ್ದನ್ನ ಒದರಿ ಮಾರಬಾರದು. ಪಾಪ ಬರತೈತಿ. ಬಂದ್ರ ಮೊದಲ ನಿಮಗ, ಆಮ್ಯಾಲ ನನಗ."

ಮಂದಿ ಹೋ ಎಂದು ನಕ್ಕರು. ಚೇರಮನ್ನರು ಕುಳಿತರು. ಸಮ ಬಂದರೆ ಮೊದಲು ಹಿಡಿದವರಿಗೆ, ಎಂದು ಕಾಕಾ ಸಂತೆಯ ಪದ್ಧತಿಯನ್ನು ಎಲ್ಲರಿಗೂ ಕೇಳುವಂತೆ ಹೇಳಿದರು. ಸಾಹೇಬರಿಗೆ ಪದ್ಧತಿ ಗೊತ್ತಿತ್ತು. ಚಿಕ್ಕವರಿದ್ದಾಗ ಅವರ ಅಪ್ಪ ಹೀಗೆಯೇ ಕುರಿ ಕೊಳ್ಳುತ್ತಿದ್ದರಂತೆ.

ಮೊದಲು ಹುನಗುಂದದ ರದ್ದಿ ವ್ಯಾಪಾರಿ ಕೈ ಹಾಕಿದ. ಆಮೇಲೆ ಕರದಂಟಿನ ಅಂಗಡಿಯವನು. ಅವನಿಗೆ ಪೊಟ್ಟಣ ಕಟ್ಟಲು ಬಣ್ಣದ ಕಾಗದ ಬೇಕಾಗಿತ್ತು. ಮೂರನೆಯವರು ಸಾಹೇಬರು. ಕಾಕಾ ಅವರನ್ನು ಇಳಕಲ್ಲಿನ ಮಳೆಯ ಬಗ್ಗೆ ಕೇಳಿದರು. ಅವರು ಏನೋ ಹೇಳಿದರು. ಕೈ ಹೊರಗೆ ಬಂತು. ಕಾಕಾ ನನ್ನ ಕಡೆ ತಿರುಗಿದಾಗ ಮುಖದಲ್ಲಿ ಏನೂ ಕಾಣಲಿಲ್ಲ. ಆದರೆ ಕಿವಿಯ ಮುರುವು ಸ್ವಲ್ಪ ಅಲುಗಿತು. ಲೆಕ್ಕ ಸರಿಬಂದಿದೆ ಎಂದು ನಾನು ತಿಳಿದೆ. ಅದು ಸರಿಯಾಗಿಯೇ ಇತ್ತು.

"ಬರ್ರಿ ಮಾಸ್ತರ."

ಕಂಬಳಿಯ ಒಳಗೆ ಬಹಳ ಬಿಸಿಯಾಗಿತ್ತು. ಅವರ ಕೈ ಸಿಕ್ಕಿತು. ನಾನು ಐದೂ ಬೆರಳು ಹಿಡಿದೆ. ಇದು ನನಗೆ ಖಚಿತವಾಗಿ ನೆನಪಿದೆ. ಹಿಡಿದು ಬಿಟ್ಟೆ. ಆಗ ಕಾಕಾ, ಪದ್ಧತಿಯಂತೆ, ಬೇವಿನ ಗಿಡವನ್ನು ನೋಡುತ್ತ ದೊಡ್ಡ ದನಿಯಲ್ಲಿ ಕೇಳಿದರು:

"ಮಾಸ್ತರ, ಈ ಸಲ ಪರೀಕ್ಷಾ ಯಾವಾಗ್ರಿ?"

ಹತ್ತು ಸಲ ಪಾಠ ಮಾಡಿಸಿದಾಗ ಅವರು ಏನನ್ನೂ ಕೇಳಿರಲಿಲ್ಲ. ನಾನು ಮಾಸ್ತರ. ಪ್ರಶ್ನೆ ಬಂದರೆ ಉತ್ತರ ಹೇಳುವುದು ನನ್ನ ಅಭ್ಯಾಸ.

"ಬರೂ ತಿಂಗಳು ಹತ್ತನೇ ತಾರೀಖಿಗೆ ಸುರು ಆಗ್ತಾವ. ಮೊದಲನೇ ದಿನಾ ಗಣಿತ," ಎಂದೆ.

ಕಾಕಾ ನನ್ನ ಕೈ ಬಿಡಲಿಲ್ಲ. ಒಂದು ಉಸಿರು, ಎರಡು ಉಸಿರು, ಅವರ ತೋರುಬೆರಳು ನನ್ನ ಅಂಗೈಗೆ ತಾಗಿಕೊಂಡೇ ಇತ್ತು. ಅದನ್ನು ನಾನು ಶಾಭಾಸ್ಕಿ ಎಂದು ತಿಳಿದೆ. ಸಂಕೋಚವಾಗಿ, ನಕ್ಕು, ಕೈ ಎಳೆದುಕೊಂಡೆ.

ಕಾಕಾ ಕಂಬಳಿ ಸರಿಮಾಡಿಕೊಂಡರು. ಯಾರು ಎಷ್ಟು ಹಿಡಿದರೆಂದು ಸಾಹೇಬರಿಗೆ ಗೊತ್ತಿಲ್ಲ. ಊರಿಗೆ ಗೊತ್ತಿಲ್ಲ. ನಾನು ಆರು ಹಿಡಿದಿದ್ದೇನೆ ಎಂದೇ ತಿಳಿದಿದ್ದೆ. ಮಾಸ್ತರರದು ಆರು ಎಂದು ಅವರು ಕೂಗಿದ್ದರೆ ಅಲ್ಲಿದ್ದ ಒಬ್ಬರೂ ಅದನ್ನು ಸುಳ್ಳೆನ್ನುತ್ತಿರಲಿಲ್ಲ, ನಾನೂ ಸಹ. ಹಣವೂ ನನ್ನ ಜೇಬಿನಲ್ಲಿಯೇ ಇತ್ತು.

"ಐದು ಬೆರಳು," ಎಂದು ಕೂಗಿದರು. "ಮುಂಬಯಿ ಸಾಹೇಬರು. ಒಂದು ಸಲ." ಟ್ರಂಕಿನ ಕಡೆ ನೋಡಿದರು. "ಎರಡು ಸಲ." ಮೂರನೆಯದನ್ನು ತಡೆದು ಹೇಳುವುದು ಅವರ ಪದ್ಧತಿಯಾಗಿತ್ತು. ಆ ದಿನ ತಡೆಯಲಿಲ್ಲ. "ಮೂರು ಸಲ."

ನಾನು ಇನ್ನೂ ನಗುತ್ತಲೇ ನಿಂತಿದ್ದೆ. ಆಮೇಲೆ ಜೇಬಿನೊಳಗೆ ಕೈ ಹಾಕಿ ನನ್ನದೇ ಬೆರಳುಗಳನ್ನು ಹಿಡಿದು ನೋಡಿದೆ. ಐದು. ಬಿಟ್ಟೆ. ಗಣಿತ. ಅಲ್ಲಿಗೆ ನಿಂತಿತು.

ಮಂದಿ ಕರಗಿದ ಮೇಲೆ ಅವರ ಬಳಿಗೆ ಹೋದೆ. ಅವರು ವಾಚನಾಲಯದ ಮೆಟ್ಟಿಲ ಮೇಲೆ ಮೊಣಕಾಲು ತಿಕ್ಕಿಕೊಳ್ಳುತ್ತ ಕುಳಿತಿದ್ದರು.

"ಕಾಕಾ, ನಾ ಒಂದು ಬೆರಳು ಮರತೆ."

"ಗೊತ್ತೈತಿ. ನನ್ನ ಬೆರಳ ಅದು."

"ನಾ ಆರು ಹಿಡಿಯಾಂವ ಅಂತ ನಿಮಗ ಗೊತ್ತಿತ್ತು. ರೊಕ್ಕಾನೂ ನಿಮ್ಮದು. ಕೂಗಿಬಿಡಬೇಕಾಗಿತ್ತು."

"ಹಿಡೀಲಾರದ್ದನ್ನ ಹೆಂಗ ಕೂಗ್ಲಿ?"

"ನನ್ನ ಕಡಿಂದ ಸವಾಲ್ ಹಿಡಿಸಿದಾಗ ನಿಯಮ ಮುರೀಲಿಲ್ಲೇನು?"

ಕಾಕಾ ನನ್ನನ್ನು ದಡ್ಡ ಕುರಿಯನ್ನು ನೋಡುವಂತೆ ನೋಡಿದರು. "ಅದು ಪಂಚಾಯತಿ ನಿಯಮ. ಮುರದ್ರ ಚೇರಮನ್ನಗ ಒಂದ ಕಪ್ಪು ಚಾ ಕುಡಿಸಿದ್ರ ಮುಗೀತು. ಕಂಬಳಿ ನಿಯಮ ಬೀರಪ್ಪಂದು. ಅಂವ ಚಾ ಕುಡಿಯೂದಿಲ್ರಿ."

ನಾನು ಹಣವನ್ನು ಅವರ ಮುಂದೆ ಹಿಡಿದೆ. ಟಗರನ್ನಾದರೂ ಮರಳಿ ತರಬಹುದು ಎಂದೆ. ಹಣವನ್ನು ಎಣಿಸದೆ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಟಗರು ಅಲ್ಲೇ ಇರ್ಲಿ. ಅಲ್ಲೆ ಹೆಸರಕಾಳು ಹಾಕ್ತಾರ, ಇಲ್ಲೆ ನಾ ಬರೇ ಕತಿ ಹೇಳ್ತಿದ್ದೆ." ಮತ್ತೆ ಮೊಣಕಾಲು ತಿಕ್ಕಿಕೊಂಡರು. "ತಪ್ಪು ನಂದೂ ಐತಿ. ಮಾಸ್ತರಗ ಪ್ರಶ್ನೆ ಕೇಳಬಾರದಿತ್ತು."

ಸಂಜೆ ಐದರ ಸುಮಾರಿಗೆ ಬಾಗಲಕೋಟೆಯ ಬಸ್ಸು ಬಂತು. ಸಾಹೇಬರು ಕಾಕಾ ಅವರ ಬಳಿ ಬಂದು, ನಿಮಗೆ ಬೇಕಾದ ಒಂದು ಸಂಚಿಕೆ ಇಟ್ಟುಕೊಳ್ಳಿ ಎಂದರು. ಅವರಿಗೆ ಯಾರೋ ಬೇವಿನ ಗಿಡದ ಕೆಳಗಿನ ಕತೆಯ ವಿಷಯ ಹೇಳಿರಬೇಕು.

"ಬ್ಯಾಡ್ರಿ. ಹಿಂಡಿನಾಗಿಂದ ಒಂದ ಮರಿ ಹಿಡಕೊಂಡ್ರ ಉಳದಾವು ರಾತ್ರಿ ಎಲ್ಲಾ ಒದರತಾವ," ಎಂದರು.

ಹಮಾಲ ಟ್ರಂಕನ್ನು ಬಸ್ಸಿನ ಮೇಲೆ ಏರಿಸಿ, ಹಗ್ಗ ಸುತ್ತಿ ಇಳಿದ. ಸಾಹೇಬರು ಕಿಟಕಿಯ ಪಕ್ಕ ಕುಳಿತು ಕೈ ಮುಗಿದರು. ಕಂಡಕ್ಟರ್ ಸೀಟಿ ಊದಿದ. ಬಸ್ಸು ಹತ್ತು ಹೆಜ್ಜೆ ಹೋಗಿರಬೇಕು, ಕಾಕಾ ಕೋಲು ಎತ್ತಿ ಒದರಿದರು.

"ಏ ನಿಂದರ್ಸಲೇ!"

ಬಸ್ಸು ನಿಂತಿತು. ಹತ್ತು ಮೆಟ್ಟಿಲು ಏರಲಾರದ ಮನುಷ್ಯ ಹಿಂದಿನ ಕಬ್ಬಿಣದ ಏಣಿಯನ್ನು ಹಿಡಿದು, ನಡುವೆ ಎರಡು ಸಲ ನಿಂತು, ಮೇಲೆ ಹೋದರು.

"ಏ ಕಾಕಾ, ಮ್ಯಾಲ ಕುಂತ್ರೂ ಟಿಕೇಟ್ ತಗೀಬೇಕು ನೋಡು!" ಎಂದ ಕಂಡಕ್ಟರ್.

"ಕುರಿಗೆ ಅರ್ಧಾ ಟಿಕೇಟ್ ಲೇ, ತಡಿ!"

ಅವರು ಟ್ರಂಕನ್ನು ತೆರೆಯಲಿಲ್ಲ. ಹಮಾಲ ಕಟ್ಟಿದ್ದ ಹಗ್ಗ ಬಿಚ್ಚಿದರು. ಟ್ರಂಕಿನ ಮೂಲೆ ಕಂಬಿಗೆ ಬಡಿಯದ ಹಾಗೆ ನಡುವೆ ಗೋಣಿಚೀಲ ಮಡಚಿ ಇಟ್ಟರು. ಮತ್ತೆ ಕಟ್ಟಿದರು. ನಾಲ್ಕೂ ಕಡೆಯಿಂದ ಎಳೆದು ನೋಡಿದರು. ಎಳೆದು ಮುಗಿದ ಮೇಲೂ ಅದರ ಮೇಲೆ ಕೈ ಇಟ್ಟುಕೊಂಡು ಸ್ವಲ್ಪ ಹೊತ್ತು ಕುಳಿತಿದ್ದರು. ಡ್ರೈವರ್ ಹಾರ್ನ್ ಹೊಡೆದ. ಆಗ ಇಳಿದರು.

"ಕಮತಗಿ ತನಕ ಹಾದಿ ಚಲೋ ಇಲ್ಲ," ಎಂದರು ನನಗೆ.

ಬಸ್ಸು ಹೋಯಿತು. ಧೂಳು ಕುಳಿತುಕೊಳ್ಳುವವರೆಗೂ ಇಬ್ಬರೂ ರಸ್ತೆಯ ಬದಿಯಲ್ಲಿ ನಿಂತಿದ್ದೆವು. ಏನಾದರೂ ಮಾಡಬೇಕೆಂದು ರಸ್ತೆಯ ಆಚೆ ಹೋಟೆಲಿನವನ ಕಡೆ ಕೈ ಎತ್ತಿ, ಎರಡು ಚಹಾ ಎಂದು ಬೆರಳು ತೋರಿಸಿದೆ.

ಕಾಕಾ ತಟ್ಟನೆ ನನ್ನ ಕೈ ಹಿಡಿದು ಕೆಳಗೆ ಎಳೆದರು.

"ಬೆರಳ ತೋರಸಬ್ಯಾಡ್ರಿ ಮಾರಾಯ್ರ," ಎಂದರು. "ಬಾಯಿಲೆ ಹೇಳ್ರಿ."